ಓದುಗರ ಪ್ರಶ್ನೆ: ಒಂದೇ ಕ್ಲಾಸು, ಎರಡು ಬಣ

ಪ್ರಶ್ನೆ: ನಮ್ಮ ಒಂಬತ್ತನೇ ಕ್ಲಾಸಿನಲ್ಲಿ 40 ಮಕ್ಕಳು. ಮರಾಠಿ ಶಾಲೆಯಿಂದ ಬಂದವರದೊಂದು ಬಣ, ಕನ್ನಡ ಶಾಲೆಯವರದೊಂದು. ಬೆರೆಸಿ ಕೂರಿಸಿದೆ, ಜಗಳ ಹೆಚ್ಚಾಯ್ತು. ಏನ್ ಮಾಡಬೇಕ್ರಿ?
– ಶಿಕ್ಷಕಿ, ಔರಾದ್, ಬೀದರ್ ಜಿಲ್ಲೆ

ಉತ್ತರ: ಜಾಗ ಬದಲಿಸಿದರೆ ಸಾಲದು, ಕೆಲಸ ಬದಲಿಸಬೇಕು. ಪೂರ್ವಗ್ರಹ ಕರಗಲು ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ ಬೇಕೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದರು. ಕ್ಲಾಸಿನ ಮಾರ್ಕ್ಸ್ ಪೈಪೋಟಿಯಲ್ಲಿ ಇವು ಇರುವುದಿಲ್ಲ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಬಿಳಿಯ, ಕರಿಯ ಮಕ್ಕಳು ಒಂದೇ ಶಾಲೆಗೆ ಬಂದು ಹೊಡೆದಾಟ ಶುರುವಾದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ರೂಪಿಸಿದ ಜಿಗ್ಸಾ ಪದ್ಧತಿ ನಿಮಗೆ ಹೊಂದುತ್ತದೆ. ಪಾಠವನ್ನು ಹೋಳು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು, ಅವರೇ ಒಬ್ಬರಿಗೊಬ್ಬರು ಕಲಿಸುವ ವಿಧಾನ ಇದು.

ಬಹಮನಿ ಪಾಠವನ್ನೇ ತೆಗೆದುಕೊಳ್ಳಿ. ಐದು ಚೀಟಿ ಮಾಡಿ: 1347ರಲ್ಲಿ ಸ್ಥಾಪನೆ, ರಾಜಧಾನಿ ಕಲಬುರಗಿಯಿಂದ ಬೀದರಿಗೆ ಬಂದದ್ದು, ಮಹಮೂದ್ ಗವಾನನ ಆಡಳಿತ, ಅವನ ಮದರಸಾ, ರಾಜ್ಯ ಐದು ಹೋಳಾದದ್ದು. ಐದೈದು ಮಕ್ಕಳ ಎಂಟು ಗುಂಪು. ಪ್ರತಿ ಗುಂಪಿನಲ್ಲೂ ಎರಡೂ ಶಾಲೆಯವರಿರಲಿ, ಆದರೆ ಜೀವದ ಗೆಳೆಯರೂ ಬದ್ಧವೈರಿಗಳೂ ಒಟ್ಟಿಗೆ ಬೇಡ. ಒಬ್ಬರಿಗೆ ಒಂದೇ ಚೀಟಿ. ಮೊದಲು ಒಂದೇ ಚೀಟಿಯ ಎಂಟು ಜನ ನಾಲ್ಕು ನಾಲ್ಕಾಗಿ ಕೂತು ತಯಾರಾಗಲಿ. ಇದನ್ನು ಬಿಟ್ಟರೆ ಓದಿನಲ್ಲಿ ಹಿಂದಿರುವ ಮಗು ಗುಂಪಿನೆದುರು ತಬ್ಬಿಬ್ಬಾಗುತ್ತದೆ. ಆಮೇಲೆ ತಮ್ಮ ಗುಂಪಿಗೆ ಮರಳಿ ಒಬ್ಬೊಬ್ಬರೂ ಕಲಿಸಲಿ. ಕೊನೆಗೆ ಇಡೀ ಪಾಠದ ಮೇಲೆ ಸಣ್ಣ ಟೆಸ್ಟ್. ಮಾರ್ಕ್ಸ್ ಮಾತ್ರ ಅವರವರದೇ. ಗುಂಪಿಗೆಲ್ಲ ಒಂದೇ ಮಾರ್ಕ್ಸ್ ಕೊಟ್ಟಿರೋ, ಕಡಿಮೆ ಬಂದಾಗ ಬೈಗುಳವೆಲ್ಲ ಒಂದೇ ಮಗುವಿನ ತಲೆಗೆ.

ಮದರಸಾ ಚೀಟಿ ಹಿಡಿದ ಮರಾಠಿ ಹುಡುಗ ಕನ್ನಡದಲ್ಲಿ ತಡವರಿಸಿದ, ಉಳಿದವರು ನಕ್ಕರು ಅನ್ನಿ. ಗದರಬೇಡಿ. ‘ಇನ್ನು ಕಾಲು ಗಂಟೆಯಲ್ಲಿ ಟೆಸ್ಟ್ ಇದೆ, ಆ ಭಾಗ ಗೊತ್ತಿರೋದು ಅವನೊಬ್ಬನಿಗೇ’ ಎಂದಷ್ಟೇ ಹೇಳಿ ಮುಂದೆ ಹೋಗಿ. ನಗುವವರೇ ಕೆದಕಿ ಕೇಳಲು ಶುರುಮಾಡುತ್ತಾರೆ. ಮರಾಠಿ ಬೆರೆಸಿ ಹೇಳಿದರೂ ಹೇಳಲಿ ಬಿಡಿ. ಒಂದು ದಿನ ಮಾಡಿ ಕೈಬಿಟ್ಟರೆ ಫಲವಿಲ್ಲ. ವಾರಕ್ಕೆ ಎರಡು ಮೂರು ಪೀರಿಯಡ್, ಕನಿಷ್ಠ ಆರು ವಾರ ನಡೆಸಿ. ಮೊದಲೆರಡು ವಾರ ಗದ್ದಲವೇ ಹೆಚ್ಚು, ಹೆಡ್‌ಮಾಸ್ಟರಿಗೆ ಮುಂಚೆಯೇ ತಿಳಿಸಿಡಿ.

ಪ್ರಶ್ನೆ: ಮಾತಿನ ಪರಿಣಾಮ ಶೇ. 7 ಮಾತ್ರ, ಉಳಿದ 93 ದನಿ ಮತ್ತು ಹಾವಭಾವದ್ದು ಎನ್ನುತ್ತಾರೆ ಕೋಚಿಂಗ್‌ನವರು. ಇಂಟರ್‌ವ್ಯೂಗೆ ಇದು ನಿಜವೇ?
– ಉದ್ಯೋಗಾಕಾಂಕ್ಷಿ, ಕಲಬುರಗಿ

ಉತ್ತರ: ಅಲ್ಲ. ಆ ಅಂಕಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳದ್ದು. ಅಲ್ಲಿ ಕೇಳಿಸಿದ್ದು ಒಂದೊಂದೇ ಪದ, ಅಳೆದದ್ದು ಇಷ್ಟ–ಅನಿಷ್ಟವನ್ನು ಮಾತ್ರ. ಭಾವನೆಯ ಮಾತಿಗಷ್ಟೇ ಇದು ಅನ್ವಯ ಎಂದು ಅವರೇ ಹೇಳಿದ್ದಾರೆ. ನೀವು ಉತ್ತರ ತಯಾರು ಮಾಡಿಕೊಳ್ಳಿ. ಕೈಕಟ್ಟಿದರೆ ಅಳುಕು ಎಂಬ ಲೆಕ್ಕವನ್ನೂ ನಂಬಬೇಡಿ. ಮೇ ತಿಂಗಳ ನಮ್ಮೂರ ಬಿಸಿಲಿನಿಂದ ನೇರ ಎಸಿ ರೂಮಿಗೆ ಹೋದವರು ಚಳಿಗೂ ಕೈಕಟ್ಟುತ್ತಾರೆ.