ಎಕ್ಸ್‌ರೇ ಟ್ಯೂಬ್ ಬದಲಾದ ಮೇಲೆ ಹಳೇ ಕ್ಯೂಎ (ಯಂತ್ರದ ಗುಣಮಟ್ಟ ಪರೀಕ್ಷೆ) ವರದಿ ಸಾಕಾ?

ಕುಮಟಾದ ನಿಮ್ಮ ಕ್ಲಿನಿಕ್‌ನಲ್ಲಿ ಟ್ಯೂಬ್ ಹೊಸದು ಹಾಕಿಸಿದ್ದೀರಿ, ಕ್ಯೂಎ ವರದಿಯ ಅವಧಿ ಇನ್ನೂ ಇದೆ, ಮತ್ತೆ ಮಾಡಿಸಬೇಕಾ ಎಂದು ಕೇಳಿದ್ದೀರಿ. ಮಾಡಿಸಲೇಬೇಕು ಸರ್. 2 ವರ್ಷಕ್ಕೊಮ್ಮೆ ಅನ್ನೋದು ಏನೂ ಬದಲಾಗದಿದ್ದರೆ ಮಾತ್ರ. ನಿಮ್ಮಲ್ಲಿರೋದು ಹಳೇ ಟ್ಯೂಬಿನ ವರದಿ, ಅಲ್ವಾ? ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಾನ್ಯತೆ ಇರುವ ಏಜೆನ್ಸಿಯವರನ್ನೇ ಕರೆಸಿ. ಅಲ್ಲಿವರೆಗೆ ದಯವಿಟ್ಟು ರೋಗಿಗಳ ಎಕ್ಸ್‌ರೇ ತೆಗೆಯಬೇಡಿ.

ಅವರು ಘಟ್ಟ ಇಳಿದು ಬರೋದರೊಳಗೆ ಯಂತ್ರದ ಬೆಳಕು ಬೀಳುವಲ್ಲೇ ಎಕ್ಸ್‌ರೇ ಬೀಳುತ್ತಿದೆಯಾ ಅನ್ನೋದನ್ನು ನೀವೇ ನೋಡಬಹುದು. ಟೇಬಲ್ ಮೇಲೆ ಕ್ಯಾಸೆಟ್ (ಎಕ್ಸ್‌ರೇ ಚಿತ್ರ ಹಿಡಿಯೋ ತಟ್ಟೆ) ಇಟ್ಟು, 100 ಸೆಂ.ಮೀ. ಎತ್ತರದಿಂದ ಅದಕ್ಕಿಂತ ಚಿಕ್ಕದಾಗಿ ಬೆಳಕು ಬಿಡಿ. ಬೆಳಕಿನ ನಾಲ್ಕೂ ಅಂಚಿಗೆ ಒಳಗಿನಿಂದ ಒಂದೊಂದು ನಾಣ್ಯ ತಾಗಿಸಿಡಿ. ಸೀಸದ ಪರದೆ ಹಿಂದೆ ನಿಂತು ಎಕ್ಸ್‌ಪೋಷರ್ ಕೊಡಿ. ಚಿತ್ರದ ಅಂಚು ನಾಣ್ಯದಿಂದ 2 ಸೆಂ.ಮೀ.ಗಿಂತ ಜಾಸ್ತಿ ಸರಿದಿದ್ದರೆ ಕಾಲಿಮೇಟರ್ (ಬೆಳಕು, ಎಕ್ಸ್‌ರೇ ಬೀಳುವ ಜಾಗದ ಅಳತೆ ಹೊಂದಿಸೋ ಭಾಗ) ಸರಿಯಾಗಿ ಕೂತಿಲ್ಲ. ಟ್ಯೂಬ್ ಹಾಕಿದ ಎಂಜಿನಿಯರ್‌ನ್ನು ಆಗಲೇ ವಾಪಸ್ ಕರೆಸಿ.