ಡಿಎನ್‌ಎ ಕೈಗೆಟುಕದ ಕಡೆ ಮೂಳೆಯ ಅಳತೆಯೂ ಜೀವಕೋಶವೂ

ಡಿಎನ್‌ಎ ಪರೀಕ್ಷೆಗೆ ಹಣವೂ ಯಂತ್ರವೂ ಇಲ್ಲದ ಬಡ ದೇಶಗಳಲ್ಲಿ ದೇಹದ ಅಳತೆಯ ಜೊತೆ ಜೀವಕೋಶ ಪರೀಕ್ಷೆ ಸೇರಿಸಿ ಅಪರಿಚಿತ ಶವ ಯಾರದೆಂದು ಹೇಳಬಹುದೇ ಎಂದು ಕೇಳಿದ್ದೀರಿ. ನಾನು ಅಂಗರಚನಾಶಾಸ್ತ್ರ ವಿಭಾಗದಲ್ಲಿ ವರ್ಷಗಟ್ಟಲೆ ಮೂಳೆ ಅಳೆದವನು. ಯಾರದೆಂದು ಹೇಳುವುದು ಕಷ್ಟ. ಯಾರದಲ್ಲ ಎಂದು ಧೈರ್ಯವಾಗಿ ಹೇಳಬಹುದು. ಕಾಣೆಯಾದವರ ಪಟ್ಟಿಯಲ್ಲಿರುವ ನಲವತ್ತು ಹೆಸರು ನಾಲ್ಕಕ್ಕೆ ಇಳಿದರೆ, ಇರುವಷ್ಟು ದುಡ್ಡಿನಲ್ಲಿ ಆ ನಾಲ್ಕು ಮನೆಯವರ ಡಿಎನ್‌ಎ ಮಾಡಿಸಿದರೆ ಸಾಕು.

1984ರಲ್ಲಿ ಅಮೆರಿಕದ ಮೂಳೆತಜ್ಞ ಕ್ಲೈಡ್ ಸ್ನೋ ಅರ್ಜೆಂಟೀನಾಕ್ಕೆ ಹೋಗಿ, ಮಿಲಿಟರಿ ಆಡಳಿತದಲ್ಲಿ ಕಾಣೆಯಾದವರ ಗುರುತು ಹಿಡಿಯಲು ವಿದ್ಯಾರ್ಥಿಗಳನ್ನು ತಯಾರು ಮಾಡಿದಾಗ ಡಿಎನ್‌ಎ ದಾರಿ ಇನ್ನೂ ತೆರೆದಿರಲಿಲ್ಲ. ಮೂಳೆ, ಹಲ್ಲು, ಎಕ್ಸ್‌ರೇ, ಮನೆಯವರ ನೆನಪು, ಇಷ್ಟರಲ್ಲೇ ಕೆಲಸ ನಡೆಯಿತು.

ಅಳತೆ ಎಲ್ಲಿ ಎಡವುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ತೊಡೆಮೂಳೆಯನ್ನು ಅಳತೆ ಹಲಗೆಯ ಮೇಲೆ ಮಲಗಿಸಿ, ಜಾರುವ ಪಟ್ಟಿಯನ್ನು ತಾಗಿಸಿ, ಮೂಳೆಯನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತೇವೆ. ಆಗ ಸಿಗುವ ಅತಿ ಹೆಚ್ಚಿನ ಉದ್ದವೇ ಬೇಕಾದದ್ದು. 44 ಸೆಂ.ಮೀ. ಬಂತೆನ್ನಿ. ಟ್ರಾಟರ್ ಮತ್ತು ಗ್ಲೆಸರ್ ಎಂಬ ಸಂಶೋಧಕರು 1952ರಲ್ಲಿ ಕೊಟ್ಟ ಸೂತ್ರಗಳಲ್ಲೊಂದರ ಪ್ರಕಾರ ಅದನ್ನು 2.38ರಿಂದ ಗುಣಿಸಿ 61.41 ಕೂಡಿಸಿದರೆ ಎತ್ತರ ಸುಮಾರು 166 ಸೆಂ.ಮೀ., ಆಚೀಚೆ 3.27. ಆದರೆ ಆ ಸೂತ್ರ ಅಮೆರಿಕದ ಬಿಳಿಯ ಗಂಡಸರ ಮೂಳೆಗಳಿಂದ ಬಂದದ್ದು. ಅವರಲ್ಲಿ ಬಹುಪಾಲು ಎರಡನೇ ಮಹಾಯುದ್ಧದಲ್ಲಿ ಸತ್ತ ಸೈನಿಕರು. ಕಾಲಿಗೂ ಒಟ್ಟು ಎತ್ತರಕ್ಕೂ ಇರುವ ಅನುಪಾತ ಎಲ್ಲ ಜನರಲ್ಲೂ ಒಂದೇ ಇರುವುದಿಲ್ಲ, ಚಿಕ್ಕಂದಿನ ಹಸಿವೂ ಅದನ್ನು ಬದಲಿಸುತ್ತದೆ. ಹಾಗಿದ್ದೂ ಅದೇ ಸೂತ್ರವನ್ನು ಕಣ್ಣುಮುಚ್ಚಿ ಹಾಕಿದ ವರದಿಗಳನ್ನು ನೋಡಿದ್ದೇನೆ. ಪ್ರತಿ ಬಾರಿಯೂ ಸಂಕಟವಾಗುತ್ತದೆ.

ಜೀವಕೋಶ ಪರೀಕ್ಷೆ ಹೇಳುವುದು ಶವ ಹೆಣ್ಣಿನದೋ ಗಂಡಿನದೋ ಎಂದು. ಅದು ತಪ್ಪುವುದು ಬೇರೆ ಕಾರಣಕ್ಕೆ. ಹೆಣ್ಣಿನ ಕೋಶದಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದು ಮುದುಡಿ, ಕೋಶಕೇಂದ್ರದ ಅಂಚಿಗೆ ಅಂಟಿದ ಕಪ್ಪು ಚುಕ್ಕೆಯಂತೆ ಕಾಣುತ್ತದೆ. 1949ರಲ್ಲಿ ಬಾರ್ ಮತ್ತು ಬರ್ಟ್ರಮ್ ಎಂಬ ಸಂಶೋಧಕರು ಇದನ್ನು ಬೆಕ್ಕಿನ ನರಕೋಶಗಳಲ್ಲಿ ಕಂಡರು. ಬಾರ್ ಕಾಯ ಎಂಬ ಹೆಸರು ಬಂದದ್ದು ಹಾಗೆ. ಸಾಧಾರಣ ಮೈಕ್ರೋಸ್ಕೋಪು, ಬಣ್ಣ, ತಾಳ್ಮೆ ಇದ್ದರೆ ಸಾಕು. ಎಲ್ಲ ಕೋಶಗಳಲ್ಲೂ ಅದು ಕಾಣುವುದಿಲ್ಲ, ಅದಕ್ಕೇ ನೂರಾದರೂ ಎಣಿಸಬೇಕು. ಶವ ಕೊಳೆತಷ್ಟೂ ಚುಕ್ಕೆ ಕರಗುತ್ತದೆ. ಎರಡು ಎಕ್ಸ್ ಜೊತೆ ಒಂದು ವೈ ಇರುವ ಗಂಡಸಿನಲ್ಲಿ ಕಾಣುತ್ತದೆ, ಒಂದೇ ಎಕ್ಸ್ ಇರುವ ಹೆಂಗಸಿನಲ್ಲಿ ಕಾಣುವುದಿಲ್ಲ.

ಒಮ್ಮೆ ಅರೆಕೊಳೆತ ದೇಹವೊಂದರ ತೊಡೆಮೂಳೆಯ ತಲೆ 42 ಮಿ.ಮೀ. ಬಂತು. ಪುಸ್ತಕದ ಲೆಕ್ಕದಲ್ಲಿ ಹೆಣ್ಣು. ಸೊಂಟದ ಮೂಳೆ ಚೂರಾಗಿತ್ತು, ನಾನು ಹೆಣ್ಣೆಂದೇ ಬರೆಯಲು ಹೊರಟಿದ್ದೆ. ಹಲ್ಲಿನ ತಿರುಳನ್ನು ಸ್ಲೈಡಿಗೆ ಹಾಕಿದ್ದ ಸಹೋದ್ಯೋಗಿ, ಕೋಶಕೇಂದ್ರಗಳ ಅಂಚು ಚೆನ್ನಾಗಿಯೇ ಉಳಿದಿದೆ, ನೂರರಲ್ಲಿ ಒಂದಕ್ಕೂ ಚುಕ್ಕೆಯಿಲ್ಲ ಎಂದರು. ಸೊಂಟದ ಚೂರುಗಳನ್ನು ಮತ್ತೆ ಜೋಡಿಸಿದೆ. ಹಿಂಬದಿಯ ಕಚ್ಚು ಗಂಡಸರಲ್ಲಿರುವಂತೆ ಕಿರಿದಾಗಿತ್ತು. ಕೊನೆಗೆ ಗೊತ್ತಾದದ್ದು ಸಣ್ಣ ಮೈಕಟ್ಟಿನ ಯುವಕ. ನನ್ನ ವರದಿ ಹಾಗೇ ಹೋಗಿದ್ದರೆ ಅವನ ಮನೆಯವರನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಅಂದಿನಿಂದ ಅಳೆಯುವವರು ಮತ್ತು ಎಣಿಸುವವರು ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯದಂತೆ ಬರೆದಿಡುತ್ತೇವೆ, ಆಮೇಲೆ ಕೂಡಿಸಿ ನೋಡುತ್ತೇವೆ.

ಒಣಗಿದ ಮೂಳೆಯಷ್ಟೇ ಸಿಕ್ಕರೂ ವಯಸ್ಸಿನ ಅಂದಾಜಿಗೆ ದಾರಿಯಿದೆ. ತೆಳ್ಳಗಿನ ಬಿಲ್ಲೆಯನ್ನು ಬೆಳಕು ಹಾಯುವವರೆಗೆ ಉಪ್ಪುಕಾಗದದ ಮೇಲೆ ಉಜ್ಜಿ, ಒಳಗಿನ ಉಂಗುರದಂಥ ಘಟಕಗಳನ್ನೂ ಅವುಗಳ ಹಳೆಯ ತುಣುಕುಗಳನ್ನೂ ಎಣಿಸುವ ವಿಧಾನವನ್ನು ಕರ್ಲೀ ಎಂಬ ಸಂಶೋಧಕರು 1965ರಲ್ಲಿ ಪ್ರಕಟಿಸಿದರು.

ನನ್ನನ್ನು ಕೇಳಿದರೆ, ಹೊಸ ಯಂತ್ರಕ್ಕಿಂತ ಮೊದಲು ಬೇಕಾದದ್ದು ಒಂದು ದಾಖಲೆ ಪುಸ್ತಕ. ಗುರುತು ಗೊತ್ತಿರುವ ಪ್ರತಿ ಶವದ ಎತ್ತರ ಮತ್ತು ಕೈಕಾಲಿನ ಅಳತೆಯನ್ನು ಮನೆಯವರ ಒಪ್ಪಿಗೆ ಪಡೆದು ಬರೆದಿಡಿ. ಆ ಜನರಿಗೇ ಹೊಂದುವ ಸೂತ್ರ ಕಟ್ಟಲು ಬೇರೆ ದಾರಿಯಿಲ್ಲ. ಕಾಣೆಯಾದವರ ಎತ್ತರ ಎಷ್ಟೆಂದು ಮನೆಯವರನ್ನು ಕೇಳಿದರೆ ಅಂದಾಜು ಹೇಳುತ್ತಾರೆ. ಬಾಗಿಲ ಪಕ್ಕ ನಿಂತಾಗ ತಲೆ ಎಲ್ಲಿಗೆ ಬರುತ್ತಿತ್ತು ತೋರಿಸಿ ಎನ್ನಿ. ಅವರು ಬೆರಳಿಟ್ಟ ಜಾಗದಿಂದ ನೆಲದವರೆಗೆ ಟೇಪು ಹಿಡಿಯಿರಿ.