ಟರ್ಕಿ ಕೋಳಿ ಬಹುಮಾನದ ಕೋವಿ ಪಂದ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರುವ ನನ್ನ ಮಗಳು, ತಮ್ಮ ಮನೆಯ ಹತ್ತಿರದ ಅಗ್ನಿಶಾಮಕ ಠಾಣೆಯ ಹಿಂದಿನ ಬಯಲಿನಲ್ಲಿ ಪ್ರತಿ ಶನಿವಾರ ರಾತ್ರಿ ‘ಟರ್ಕಿ ಶೂಟ್’ ನಡೆಯುತ್ತದೆ ಎಂದು ತಿಳಿಸಿದ್ದಾಳೆ. ಇದು ಕೋಳಿಗಳನ್ನು ಕಟ್ಟಿಹಾಕಿ ಗುಂಡು ಹೊಡೆಯುವ ಆಟವೇ? ಬೆಂಕಿ ಆರಿಸುವವರಿಗೆ ಇದರಲ್ಲೇನು ಕೆಲಸ?
– ಓದುಗರು, ಧಾರವಾಡ

ಉತ್ತರ: ಇಂದಿನ ಟರ್ಕಿ ಶೂಟ್‌ನಲ್ಲಿ ಯಾವ ಹಕ್ಕಿಗೂ ಈಡು ತಗಲುವುದಿಲ್ಲ. ಟರ್ಕಿ ಕೋಳಿ ಅಲ್ಲಿ ಗೆದ್ದವರು ಮನೆಗೆ ಒಯ್ಯುವ ಬಹುಮಾನ. ಅದೂ ಅಂಗಡಿಯಿಂದ ತಂದು ಫ್ರೀಜರಿನಲ್ಲಿಟ್ಟ ಮಾಂಸ. ಗುರಿಯ ಜಾಗದಲ್ಲಿ ನಿಲ್ಲುವುದು ಕಾಗದದ ಕಾರ್ಡು ಮಾತ್ರ. ಆದರೆ ನಿಮ್ಮ ಅನುಮಾನ ಆಧಾರವಿಲ್ಲದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಜೀವಂತ ಕೋಳಿಯನ್ನೇ ಗುರಿಯಾಗಿಟ್ಟು ಈ ಪಂದ್ಯ ನಡೆಯುತ್ತಿತ್ತು. 1823ರಲ್ಲಿ ಪ್ರಕಟವಾದ ಜೇಮ್ಸ್ ಫೆನಿಮೋರ್ ಕೂಪರ್ ಅವರ ‘ದ ಪಯನಿಯರ್ಸ್’ ಕಾದಂಬರಿಯಲ್ಲಿ, ಕ್ರಿಸ್‌ಮಸ್ ಸಮಯದಲ್ಲಿ ಕೋಳಿಯನ್ನು ಮರದ ಬೊಡ್ಡೆಗೆ ಕಟ್ಟಿ, ಮೈಯೆಲ್ಲ ಹಿಮದಲ್ಲಿ ಹುದುಗಿ ತಲೆ ಮತ್ತು ಕುತ್ತಿಗೆ ಮಾತ್ರ ಕಾಣುವಂತೆ ಇರಿಸಿ, ಒಂದೊಂದು ಈಡಿಗೂ ಹಣ ಪಡೆದು ಜನರಿಂದ ಗುಂಡು ಹೊಡೆಸುವ ಪ್ರಸಂಗವಿದೆ. ಆ ಪದ್ಧತಿ ಮರೆಯಾಗಿ ಕಾಗದದ ಕಾರ್ಡು ಅದರ ಸ್ಥಾನಕ್ಕೆ ಬಂದದ್ದು ನಿಸ್ಸಂದೇಹವಾಗಿ ಒಳ್ಳೆಯ ಬದಲಾವಣೆ. ಒಂದೊಂದು ಈಡಿಗೂ ಹಣ ಕೊಡುವ ಕ್ರಮ ಮಾತ್ರ ಹಾಗೆಯೇ ಉಳಿದಿದೆ. ಇಂದಿನ ನಿಧಿಸಂಗ್ರಹವೆಲ್ಲ ನಿಂತಿರುವುದು ಅದರ ಮೇಲೆಯೇ.

ಅಗ್ನಿಶಾಮಕ ಠಾಣೆಯ ಸಂಬಂಧವೂ ಅಲ್ಲೇ ಇದೆ. ನಮ್ಮಲ್ಲಿ ಅಗ್ನಿಶಾಮಕ ದಳವೆಂದರೆ ಸರ್ಕಾರದ ಇಲಾಖೆ, ಸಂಬಳದ ಸಿಬ್ಬಂದಿ. ಅಮೆರಿಕದಲ್ಲಿ ಬೆಂಕಿ ಆರಿಸುವವರ ಪೈಕಿ ಸುಮಾರು ಮೂರನೆಯ ಎರಡರಷ್ಟು ಮಂದಿ ಸ್ವಯಂಸೇವಕರು. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 1736ರಲ್ಲಿ ಅಂತಹ ದಳವೊಂದನ್ನು ಕಟ್ಟಿದ ಕಾಲದಿಂದಲೂ ಬಂದ ಪರಂಪರೆ ಅದು. ಗ್ರಾಮಾಂತರದ ಸಣ್ಣ ದಳಗಳಿಗೆ ತೆರಿಗೆಯಿಂದ ಬರುವ ಹಣ ಸಾಲದೆ ಹೋದಾಗ ಅವು ಊರ ಜನರ ಬಳಿಗೇ ಹೋಗಬೇಕು. ಹಾಗಾಗಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುನ್ನ, ಟರ್ಕಿ ಕೋಳಿ ಎಲ್ಲರ ಮನೆಗೂ ಬೇಕಾಗುವ ಆ ದಿನಗಳಲ್ಲಿ, ಅಗ್ನಿಶಾಮಕ ದಳಗಳು, ಚರ್ಚುಗಳು, ಲಯನ್ಸ್ ಕ್ಲಬ್ಬುಗಳು, ಅಮೆರಿಕನ್ ಲೀಜನ್‌ನಂತಹ ಮಾಜಿ ಸೈನಿಕರ ಸಂಘಗಳು ಈ ಪಂದ್ಯಗಳನ್ನು ಏರ್ಪಡಿಸುತ್ತವೆ. ಬಯಲಿಗೆ ದೀಪ ಹಾಕಿ ಶುಕ್ರವಾರ, ಶನಿವಾರ ರಾತ್ರಿಗಳಲ್ಲಿ ನಡೆಸುವುದು, ಅದನ್ನೇ ಡಿಸೆಂಬರ್‌ವರೆಗೆ ಮುಂದುವರಿಸುವುದು ದಕ್ಷಿಣದ ರಾಜ್ಯಗಳಲ್ಲಿ ಸಾಮಾನ್ಯ.

ಪ್ರಶ್ನೆ: ಪಂದ್ಯ ನಡೆಯುವ ಬಗೆ ಹೇಗೆ? ಊರಿನಲ್ಲಿ ಒಳ್ಳೆಯ ಈಡುಗಾರ ಒಬ್ಬನಿದ್ದರೆ ಪ್ರತಿ ಸಲವೂ ಅವನೇ ಗೆಲ್ಲುವುದಿಲ್ಲವೇ? ಹಾಗಾದಲ್ಲಿ ಉಳಿದವರು ಹಣ ಏಕೆ ಕೊಡುತ್ತಾರೆ?
– ಓದುಗರು, ತೀರ್ಥಹಳ್ಳಿ

ಉತ್ತರ: ಬಹಳ ಮುಖ್ಯವಾದ ಪ್ರಶ್ನೆ ಕೇಳಿದ್ದೀರಿ. ಪ್ರತಿ ಸಲವೂ ಅವನೇ ಗೆಲ್ಲದಂತೆ ಪಂದ್ಯದ ನಿಯಮಗಳೇ ನೋಡಿಕೊಳ್ಳುತ್ತವೆ.

ಬಳಸುವುದು ರೈಫಲ್ ಅಲ್ಲ, ಚರೆ ಎಂಬ ಸಣ್ಣ ಗುಂಡುಗಳನ್ನು ತುಂಬಿದ ತೋಟಾ ಹಾರಿಸುವ ಶಾಟ್‌ಗನ್. ಹೆಚ್ಚಾಗಿ 12 ಬೋರಿನದು. ಹತ್ತರಿಂದ ಇಪ್ಪತ್ತು ಮಂದಿ ಸಾಲಾಗಿ ನಿಲ್ಲುತ್ತಾರೆ. ಸುಮಾರು 25ರಿಂದ 35 ಗಜ ದೂರದಲ್ಲಿ ಪ್ರತಿಯೊಬ್ಬರಿಗೂ ನಂಬರು ಬರೆದ ಒಂದು ಕಾರ್ಡು. ಅದರ ನಡುವೆ ಎರಡು ಗೆರೆಗಳು ಅಡ್ಡಹಾಯುವ ಒಂದು ಗುರುತು. ಪ್ರತಿಯೊಬ್ಬರಿಗೂ ಒಂದೇ ಈಡು. ಯಾರ ಕಾರ್ಡಿನಲ್ಲಿ ಒಂದು ಚರೆಯ ತೂತು ಆ ಗುರುತಿಗೆ ಎಲ್ಲರಿಗಿಂತ ಹತ್ತಿರವಿದೆಯೋ ಅವರು ಗೆದ್ದಂತೆ. ಬರಿಗಣ್ಣಿಗೆ ತೀರ್ಮಾನವಾಗದಿದ್ದರೆ ಅಳತೆಯ ಉಪಕರಣದಿಂದ ಅಳೆಯುತ್ತಾರೆ. ಕೆಲವೆಡೆ ನಡುವಿನ ವೃತ್ತದೊಳಗೆ ಬಿದ್ದ ಚರೆಗಳನ್ನು ಎಣಿಸುವ ಪದ್ಧತಿಯೂ ಇದೆ, ಆದರೆ ಹೆಚ್ಚು ರೂಢಿಯಲ್ಲಿರುವುದು ಮೊದಲನೆಯದು.

ಈಗ ಲೆಕ್ಕ ನೋಡಿ. 32 ಗ್ರಾಂ ತೂಕದ 8ನೇ ನಂಬರಿನ ಸೀಸದ ಚರೆ ತುಂಬಿದ ತೋಟಾದಲ್ಲಿ ಸುಮಾರು 460 ಚರೆಗಳಿರುತ್ತವೆ. ನಳಿಗೆಯ ಬಾಯಿ ತುಸು ಕಿರಿದಾಗಿರುವ ‘ಫುಲ್ ಚೋಕ್’ ಕೋವಿಯಿಂದ ಹಾರಿಸಿದಾಗ 40 ಗಜದ ದೂರದಲ್ಲಿ ಅವುಗಳಲ್ಲಿ ಶೇಕಡಾ 70ರಷ್ಟು, ಎಂದರೆ 320ರಷ್ಟು ಚರೆಗಳು, 76 ಸೆಂಟಿಮೀಟರ್ ಅಗಲದ ವೃತ್ತದೊಳಗೆ ಬೀಳುತ್ತವೆ. ಪಂದ್ಯದ ದೂರ ಅದಕ್ಕಿಂತ ಕಡಿಮೆ, ಆದ್ದರಿಂದ ಚರೆಗಳು ಇನ್ನೂ ದಟ್ಟವಾಗಿರುತ್ತವೆ. ಹೀಗಾಗಿ ಸರಿಯಾಗಿ ಗುರಿಯಿಟ್ಟ ಪ್ರತಿಯೊಬ್ಬರ ಕಾರ್ಡಿನಲ್ಲೂ ಯಾವುದಾದರೊಂದು ಚರೆ ನಡುವಿನ ಗುರುತಿನಿಂದ ಒಂದೆರಡು ಸೆಂಟಿಮೀಟರಿನೊಳಗೆ ಬಿದ್ದೇ ಬೀಳುತ್ತದೆ. ಅಲ್ಲಿಯವರೆಗೆ ಕೈಯ ಕೌಶಲ ಬೇಕು. ಆ ಒಂದೆರಡು ಸೆಂಟಿಮೀಟರಿನ ಒಳಗೆ ಯಾವ ಚರೆ ಎಲ್ಲಿಗೆ ಹೋಗುತ್ತದೆಂಬುದು ಯಾವ ಈಡುಗಾರನ ಹಿಡಿತದಲ್ಲೂ ಇಲ್ಲ. ಮೂವತ್ತು ವರ್ಷ ಬೇಟೆಯಾಡಿದ ರೈತನೂ, ಅಂದೇ ಮೊದಲು ಕೋವಿ ಹಿಡಿದ ಶಾಲಾ ಶಿಕ್ಷಕಿಯೂ ಆ ಕೊನೆಯ ಹಂತದಲ್ಲಿ ಸರಿಸಮಾನರು. ಆದ್ದರಿಂದಲೇ ಸೋತವರು ಮುಂದಿನ ಸುತ್ತಿಗೂ ಹಣ ಕೊಟ್ಟು ಸಾಲಿನಲ್ಲಿ ನಿಲ್ಲುತ್ತಾರೆ.

ಹಣದ ಲೆಕ್ಕವೂ ಸರಳ. ಉದಾಹರಣೆಗೆ, ಒಂದು ಸುತ್ತಿನಲ್ಲಿ ಇಪ್ಪತ್ತು ಮಂದಿ ತಲಾ 5 ಡಾಲರ್ ಕೊಟ್ಟರೆ 100 ಡಾಲರ್ ಸೇರುತ್ತದೆ. ಬಹುಮಾನಕ್ಕೆ 25, ತೋಟಾ ಮತ್ತು ಕಾರ್ಡುಗಳಿಗೆ 20 ಕಳೆದರೆ 55 ಡಾಲರ್ ಉಳಿಯುತ್ತದೆ. ಇಂತಹ ಸುತ್ತುಗಳು ರಾತ್ರಿಯಿಡೀ ನಡೆಯುತ್ತವೆ. ಬಹುಮಾನ ಯಾವಾಗಲೂ ಟರ್ಕಿ ಕೋಳಿಯೇ ಆಗಿರಬೇಕೆಂದಿಲ್ಲ, ಹಂದಿಯ ತೊಡೆಮಾಂಸವನ್ನೋ ನಗದನ್ನೋ ಕೊಡುವವರಿದ್ದಾರೆ. ಜೊತೆಗೆ ಊಟ ತಿಂಡಿಯ ಮಾರಾಟ ಬೇರೆ.

ಈ ಸಮಾನತೆಯನ್ನು ಕಾಪಾಡುವುದು ಸಂಘಟಕರ ಹೊಣೆ. ಎಲ್ಲರಿಗೂ ಒಂದೇ ಪೆಟ್ಟಿಗೆಯ ತೋಟಾಗಳನ್ನು ಸಂಘಟಕರೇ ಹಂಚುವುದು ಅದಕ್ಕಾಗಿ. ಆದರೆ ಈ ಪಂದ್ಯಗಳಿಗೆಂದೇ ಉದ್ದವಾದ ನಳಿಗೆ ಜೋಡಿಸಿ, ಚೋಕನ್ನು ಅತಿಯಾಗಿ ಬಿಗಿಗೊಳಿಸಿ ಮಾಡಿಸಿಕೊಂಡ ಕೋವಿಗಳೂ ಇವೆ. ಅವುಗಳಿಂದ ಹಾರಿದ ಚರೆಗಳು ಬಹಳ ದಟ್ಟವಾಗಿ ಬೀಳುವುದರಿಂದ ಸಾಮಾನ್ಯ ಕೋವಿಯವರಿಗೆ ಗೆಲುವಿನ ಆಸೆ ಕುಗ್ಗುತ್ತದೆ. ಹಲವು ಸಂಘಗಳು ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಇರುವ ಕೋವಿಗಳಿಗೆ ಪ್ರತ್ಯೇಕ ಸುತ್ತುಗಳನ್ನು ಇಡುತ್ತವೆ. ಊರಿನ ಹಿತಕ್ಕಾಗಿ ಹಣ ಕೂಡಿಸುವ ಪಂದ್ಯದಲ್ಲಿ ವಿಶೇಷ ಕೋವಿಗಳಿಗೆ ಎಡೆಯೇ ಇರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಗೆಲ್ಲುವವರು ಯಾರೆಂದು ಮೊದಲೇ ತಿಳಿದಿದ್ದರೆ ನೆರೆಹೊರೆಯವರು ಬರುವುದನ್ನು ನಿಲ್ಲಿಸುತ್ತಾರೆ, ಠಾಣೆಗೆ ಬೇಕಾದ ಹಣವೂ ಬರುವುದಿಲ್ಲ.

ಸಣ್ಣ ಚರೆ ಬಳಸುವುದಕ್ಕೆ ಸುರಕ್ಷತೆಯ ಕಾರಣವೂ ಇದೆ. 8ನೇ ನಂಬರಿನ ಚರೆ ಸುಮಾರು 200 ಮೀಟರ್ ಹೋಗುವಷ್ಟರಲ್ಲಿ ನೆಲಕ್ಕೆ ಬೀಳುತ್ತದೆ. ರೈಫಲಿನ ಗುಂಡಾದರೆ ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಹಾಗೆಂದು ಗುರಿಯ ಹಿಂದೆ ಈಡು ತಡೆಯುವ ಮಣ್ಣಿನ ದಿಬ್ಬವಾಗಲಿ, ಆಜ್ಞೆ ಬರುವವರೆಗೆ ತೋಟಾ ತುಂಬಬಾರದೆಂಬ ಕಟ್ಟುನಿಟ್ಟಾಗಲಿ, ಕಿವಿಗೆ ರಕ್ಷಣೆಯಾಗಲಿ ಬೇಡವೆಂದಲ್ಲ.

ಪ್ರಶ್ನೆ: ನಾನು ಎಚ್-1ಬಿ ವೀಸಾದ ಮೇಲೆ ವರ್ಜೀನಿಯಾದಲ್ಲಿ ಕೆಲಸದಲ್ಲಿದ್ದೇನೆ. ಸಹೋದ್ಯೋಗಿಗಳು ಇಂತಹ ಪಂದ್ಯಕ್ಕೆ ಕರೆದಿದ್ದಾರೆ, ತಮ್ಮ ಕೋವಿಯನ್ನೇ ಕೊಡುತ್ತಾರಂತೆ. ಭಾಗವಹಿಸಬಹುದೇ?
– ಓದುಗರು, ವರ್ಜೀನಿಯಾ

ಉತ್ತರ: ಕೋವಿಯನ್ನು ಮುಟ್ಟಬೇಡಿ. ತಾತ್ಕಾಲಿಕ ವೀಸಾದ ಮೇಲೆ ಅಮೆರಿಕದಲ್ಲಿರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸಿದೆ. 1998ರಲ್ಲಿ ಸೇರಿದ ಈ ನಿಷೇಧಕ್ಕೆ ಎಚ್-1ಬಿ ವೀಸಾದವರೂ ಒಳಪಡುತ್ತಾರೆ. ಕೋವಿ ಬೇರೆಯವರದಾಗಿದ್ದು ನೀವು ಕೆಲವೇ ನಿಮಿಷ ಕೈಯಲ್ಲಿ ಹಿಡಿದಿದ್ದರೂ ಅದು ಹೊಂದಿರುವುದೆಂದೇ ಪರಿಗಣಿತವಾಗಬಹುದು. ಅಪರಾಧ ಸಾಬೀತಾದರೆ ಸೆರೆವಾಸದ ಜೊತೆಗೆ ದೇಶದಿಂದ ಹೊರಹಾಕಲ್ಪಡುವ ಅಪಾಯವೂ ಇದೆ. ಕೆಲವು ವಿನಾಯಿತಿಗಳಿವೆ, ಅವುಗಳಲ್ಲಿ ಮುಖ್ಯವಾದದ್ದು ಅಲ್ಲಿನ ರಾಜ್ಯವೊಂದು ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಪರವಾನಗಿ ಪಡೆದ ಮೇಲೂ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ಪಂದ್ಯ ನೋಡಲು, ಊಟಕ್ಕೆ ಹಣ ಕೊಡಲು ಯಾವ ಅಡ್ಡಿಯೂ ಇಲ್ಲ; ಹೋಗಿ ಬನ್ನಿ, ಠಾಣೆಯವರಿಗೆ ಆ ಹಣವೂ ಬೇಕಾದದ್ದೇ.

ಪ್ರಶ್ನೆ: ಕೊಡಗಿನಲ್ಲಿ ನಾವು ನಡೆಸುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಇದಕ್ಕೂ ಹೋಲಿಕೆ ಇದೆಯೇ?
– ಓದುಗರು, ವಿರಾಜಪೇಟೆ

ಉತ್ತರ: ಊರವರೆಲ್ಲ ಸೇರುವುದರಲ್ಲಿ, ಹಬ್ಬದ ಹಿನ್ನೆಲೆಯಲ್ಲಿ ಹೋಲಿಕೆ ಇದೆ. ಆದರೆ ನಿಮ್ಮ ತೆಂಗೆಕ್ ಬೊಡಿಯ ಬೇರು ಬೇರೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಕತ್ತಿಗಳಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜಿಸಿ ಆಮೇಲೆ ಗುರಿ ಪರೀಕ್ಷಿಸುವುದು ಆಯುಧದ ಮೇಲಿನ ಗೌರವದಿಂದ ಬಂದ ಆಚರಣೆ. ನಿಧಿಸಂಗ್ರಹ ಅದರ ಮೂಲ ಉದ್ದೇಶವಲ್ಲ. ಎತ್ತರದ ಮರಕ್ಕೆ ಕಟ್ಟಿದ ಕಾಯಿಗೆ ಗುಂಡು ತಗಲಿತೋ ಇಲ್ಲವೋ ಎಂಬುದೇ ಅಲ್ಲಿನ ತೀರ್ಪು, ಆದ್ದರಿಂದ ಅದೃಷ್ಟಕ್ಕಿಂತ ಕೈಯ ಪಳಗುವಿಕೆಗೇ ಅಲ್ಲಿ ಹೆಚ್ಚು ಬೆಲೆ. ಕಾನೂನಿನ ನೆಲೆಯೂ ವಿಶಿಷ್ಟವಾದದ್ದು: ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ವಿಸ್ತರಿಸಿದೆ. ರಾಜ್ಯದ ಬೇರೆ ಊರುಗಳ ಸಂಘಗಳು ಇದನ್ನು ನೋಡಿ ಕೋವಿ ಪಂದ್ಯ ಏರ್ಪಡಿಸಲು ಹೊರಡುವಂತಿಲ್ಲ.

ಶಾಲೆಗೋ ಆಸ್ಪತ್ರೆಗೋ ಹಣ ಕೂಡಿಸಲು ನೀವು ಸ್ಪರ್ಧೆ ನಡೆಸುವುದಾದರೆ, ಚರೆ ಕೋವಿಯ ವಿಭಾಗದಲ್ಲಿ ತೋಟಾಗಳನ್ನು ಸಮಿತಿಯೇ ಕೊಡುವ ಪದ್ಧತಿಯನ್ನು ಧಾರಾಳವಾಗಿ ತೆಗೆದುಕೊಳ್ಳಬಹುದು. ಎತ್ತರಕ್ಕೆ ಹಾರಿಸಿದ ಈಡಿಗೆ ಹಿಂದೆ ತಡೆ ಇರುವುದಿಲ್ಲವಾದ್ದರಿಂದ, ಮರದ ಆಚೆ ಇರುವ ತೋಟ ಮತ್ತು ದಾರಿಗಳಲ್ಲಿ ಜನ ಓಡಾಡದಂತೆ ಸ್ಪರ್ಧೆ ಮುಗಿಯುವವರೆಗೂ ಕಾವಲಿಗೆ ಆಳುಗಳನ್ನು ನಿಲ್ಲಿಸಿ.